ಗಿಲ್‌ಸುವಿಗೆ ಇಟ್ಟ ಎಡೆ

ಮಾನ್ಯ ಅಧ್ಯಕ್ಷರಾದ ಕ್ವಾಕ್ ಅವರೇ, ವೇದಿಕೆಯನ್ನು ಅಲಂಕರಿಸಿರುವ ಹಿರಿಯರೇ, ಸಿಯೋಲ್‌ನಿಂದ ಬಸ್ಸು ಮಾಡಿಕೊಂಡು, ದೋಣಿ ದಾಟಿ ಈ ದ್ವೀಪಕ್ಕೆ ಬಂದಿರುವ ನಾನ್‌ಪೊ ಊರಿನ ಮಕ್ಕಳೇ, ಇಂದಿನ ಸನ್ಮಾನಿತರಾದ ತಾಕ್ ಗಿಲ್‌ಸು ಅವರೇ, ಮುಂದಿನ ಸಾಲಿನಲ್ಲಿ ಹೂಗುಚ್ಛ ಹಿಡಿದು ಕುಳಿತಿರುವ ನನ್ನ ಅಮ್ಮನೇ, ಮತ್ತು ಸಭಿಕರೇ,

ನಾನು ತಾಕ್ ಮಾಲ್ಸುನ್. ಸಮುದ್ರದ ಪಾಚಿ ಒಣಗಿಸಿ ಮಾರುವವಳು, ಮಹಿಳಾ ಮಂಡಳಿಯ ಅಧ್ಯಕ್ಷೆ. ನನಗೆ ಮೈಕು ಕಂಡರೆ ಭಯವಿಲ್ಲ. ಮೈಕಿಗೇ ನನ್ನನ್ನು ಕಂಡರೆ ಭಯ ಎಂದು ನನ್ನ ಗಂಡ ಹೇಳುತ್ತಿದ್ದರು.

ನಮ್ಮ ನಾನ್‌ಪೊ ಸಣ್ಣ ಊರೇ? ಯಾರು ಹೇಳಿದರು? ಈ ಗೋಡೆಯ ಕಡೆ ತಿರುಗಿ ನೋಡಿ. ಒಬ್ಬ ನ್ಯಾಯಾಧೀಶರು, ಇಬ್ಬರು ಸೇನಾಧಿಕಾರಿಗಳು, ರೇಡಿಯೋದಲ್ಲಿ ಹಾಡಿದ ಹೆಣ್ಣುಮಗಳು, ಕುಸ್ತಿಯಲ್ಲಿ ಬಹುಮಾನದ ಎತ್ತು ಗೆದ್ದು ಮೆರೆದವರು. ಎಲ್ಲರೂ ನಮ್ಮ ಕಡಲಂಚಿನ ಕೆಸರು ತುಳಿದು ಬೆಳೆದವರು. ಆ ಸಾಲಿಗೆ ಇಂದು ದೇಶದ ದೊಡ್ಡ ದೊಡ್ಡ ಸೇತುವೆಗಳನ್ನು ಕಟ್ಟಿದ ಗಿಲ್‌ಸು ಅವರ ಚಿತ್ರವೂ ಸೇರಿದೆ. ಪತ್ರಿಕೆಯಲ್ಲಿ ಇವರ ಹುಟ್ಟೂರು ನಾನ್‌ಪೊ ಎಂದು ಬಂದದ್ದೇ ತಡ, ಊರ ಬಾಗಿಲಲ್ಲಿ ಬ್ಯಾನರ್ ಕಟ್ಟಿದೆವು. "ತಾಕ್ ಮನೆಯ ಮಗ ಗಿಲ್‌ಸುವಿಗೆ ಅಭಿನಂದನೆ."

ಆಮೇಲೆ ಶುರುವಾಯಿತು ನೋಡಿ. ಗಿಲ್‌ಸುವನ್ನು ಅರಿಯದವರೇ ಇಲ್ಲ! ಅಕ್ಕಿ ಗಿರಣಿಯ ಯಜಮಾನರು, "ನಾನೂ ಅವ್ನೂ ಒಂದೇ ಬೆಂಚು ಕಣವ್ವಾ, ಲೆಕ್ಕ ಎಲ್ಲಾ ನನ್ನದೇ ನೋಡಿ ಬರೀತಿದ್ದ" ಎಂದರು. ಕ್ವಾಕ್ ಅವರಂತೂ, ಅವನು ಚಿಕ್ಕಂದಿನಲ್ಲೇ ಕಡ್ಡಿ ಜೋಡಿಸಿ ಕಾಲುವೆಗೆ ಸೇತುವೆ ಕಟ್ಟುತ್ತಿದ್ದ ಎಂದು ಪತ್ರಿಕೆಯವರಿಗೆ ಹೇಳಿಬಿಟ್ಟರು. ನಗಿ, ನಗಿ. ನಾನೂ ನಕ್ಕೆ.

ಮಹನೀಯರೇ, ನನ್ನ ತಮ್ಮ ಗಿಲ್‌ಸು ಶಾಲೆಯ ಮೆಟ್ಟಿಲು ಹತ್ತಲೇ ಇಲ್ಲ. ಯುದ್ಧದ ಎರಡನೇ ವರ್ಷ, ಎಲೆ ಉದುರುವ ಕಾಲ, ಇನ್ನೂ ಏಳು ತುಂಬದ ಕೂಸು, ಚಿಪ್ಪು ಆರಿಸಲು ಹೋಗಿ ಕೆಸರಿನಲ್ಲಿ ಸಿಕ್ಕಿಕೊಂಡ. ಅಷ್ಟರಲ್ಲಿ ಕಡಲು ಉಕ್ಕಿ ಬಂತು. ನೀರು ಇಳಿದ ಮೇಲೆ ಅಮ್ಮನೇ ಅವನನ್ನು ಎತ್ತಿಕೊಂಡು ಬಂದಳು.

ಕ್ವಾಕ್ ಅವರೇ, ಕೈಸನ್ನೆ ಮಾಡಬೇಡಿ. ಬೆಳಿಗ್ಗೆಯೇ ಹೇಳಿದ್ದೀರಿ: "ಅಕ್ಕಾ, ಸತ್ತ ಸುದ್ದಿ ಇವತ್ತು ಬೇಡ, ಟೀವಿಯೋರು ಬಂದವ್ರೆ. ಅಮ್ಮ ಹೂ ಕೊಟ್ಟು ಮಗನೇ ಅಂದ್ಬಿಟ್ರೆ ಸಾಕು, ನಮ್ಮ ದ್ವೀಪಕ್ಕೆ ಸೇತುವೆ ಬಂದಂಗೆ." ಸೇತುವೆ ಯಾರಿಗೆ ಬೇಡ? ನನ್ನ ಪಾಚಿಗೂ ಬೇಕು. ಆದರೆ ಅಮ್ಮನ ಬಾಯಿಂದ ಆ ಮಾತು ಕೇಳಲು ಕಾದಿರುವ ಇನ್ನೊಬ್ಬನಿದ್ದಾನೆ. ಅವನ ಪರವಾಗಿ ನಾನು ನಿಂತಿದ್ದೇನೆ.

ಮದುವೆಯಾಗದೆ ಹೋದ ಮಗುವಿಗೆ ನಮ್ಮಲ್ಲಿ ಎಡೆಯಿಲ್ಲ. ಹೆತ್ತ ಹೊಟ್ಟೆ ಕೇಳುತ್ತದೆಯೇ? ಗಿಲ್‌ಸು ಇದ್ದಿದ್ದರೆ ಇಪ್ಪತ್ತಾಗುತ್ತಿದ್ದ ವರ್ಷ, ಆಚೆ ಹಳ್ಳಿಯ ಯೋಮ್ ಮನೆಯಲ್ಲಿ ತೀರಿಹೋಗಿದ್ದ ಹುಡುಗಿಯ ಜೊತೆ ಅವನಿಗೆ ಅಮ್ಮ ಪ್ರೇತಮದುವೆ ಮಾಡಿಸಿದಳು. ಹುಲ್ಲಿನ ಗಂಡು, ಹುಲ್ಲಿನ ಹೆಣ್ಣು. ಅಂದಿನಿಂದ ವರ್ಷವರ್ಷವೂ ಅವನು ಹೋದ ದಿನ, ಚಿಪ್ಪಿನ ಮಾಂಸ ಹಾಕಿ ಅನ್ನ ಮಾಡಿ, ಹೆಸರು ಹಿಡಿದು ಕರೆದು ಬಡಿಸುತ್ತಿದ್ದಳು. ಮರುದಿನ ಬೆಳಿಗ್ಗೆ ಹಿತ್ತಲಲ್ಲಿ ಯಾರೋ ಪಾತ್ರೆಯ ತಳ ಕೆರೆಯುವ ಸದ್ದು. "ತಳ ಹಿಡಿದ ಸೀಕಲು ಅನ್ನ ಅಂದ್ರೆ ಪ್ರಾಣ ಅವ್ನಿಗೆ" ಎಂದು ಅಮ್ಮ ಹಿಗ್ಗುತ್ತಿದ್ದಳು. ನಾಯಿಯಿರಬೇಕು ಎಂದುಕೊಳ್ಳುತ್ತಿದ್ದೆ ನಾನು. ನಮ್ಮ ಮನೆಯಲ್ಲಿ ಎಂದೂ ನಾಯಿ ಸಾಕಿದವರಿಲ್ಲ.

ಕಳೆದ ತಿಂಗಳು, ಸೇತುವೆ ಕಟ್ಟಿದ ಈ ದೊಡ್ಡವರು ಯಾರಿಗೂ ತಿಳಿಸದೆ ನಮ್ಮ ಮನೆಗೆ ಬಂದರು. ಹಣೆ ನೆಲಕ್ಕೆ ತಾಗುವಂತೆ ಅಮ್ಮನಿಗೆ ನಮಸ್ಕರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. "ಅಮ್ಮಾ, ನಾನು ನಿಮ್ಮ ಮಗ ಅಲ್ಲ. ಯುದ್ಧದಾಗ ಉತ್ತರದಿಂದ ಹಡಗಲ್ಲಿ ಬಂದ ಅನಾಥ. ಬಂದರಿನಲ್ಲಿ ನಿಮ್ಮ ಯಜಮಾನ್ರು ಸಿಕ್ಕಿ, ಸತ್ತ ನನ್ನ ಮಗನ ಹೆಸರು ದಫ್ತರದಾಗ ಹಂಗೇ ಸುಮ್ನೆ ಬಿದ್ದದೆ, ತಗೋ, ಶಾಲೆಗೆ ಸೇರ್ಕೋ ಅಂದ್ರು." ಅಪ್ಪ ಇದನ್ನು ನಮಗೆ ಹೇಳದೆಯೇ ಕಣ್ಣು ಮುಚ್ಚಿದ. ಅಮ್ಮ ಅಳಲಿಲ್ಲ. "ಏಳು, ಮೊದ್ಲು ಉಣ್ಣು" ಎಂದು ಚಿಪ್ಪಿನ ಅನ್ನ ಬಡಿಸಿದಳು.

ಒಂದು ತುತ್ತು ಬಾಯಿಗಿಟ್ಟವರೇ ಇವರು ಬಿಳಿಚಿಕೊಂಡರು. "ಈ ರುಚಿ ನಂಗೊತ್ತು" ಎಂದರು. ಇಪ್ಪತ್ತನೇ ವಯಸ್ಸಿನಿಂದ, ಪ್ರತಿ ವರ್ಷ ಎಲೆ ಉದುರುವ ಕಾಲದಲ್ಲಿ ಒಂದು ದಿನ, ಏನೂ ತಿನ್ನದೆ ಇವರ ಹೊಟ್ಟೆ ತುಂಬಿಬಿಡುತ್ತದಂತೆ. ಬಾಯಲ್ಲಿ ಇದೇ ರುಚಿಯಂತೆ. ಡಾಕ್ಟರಿಗೆ ತೋರಿಸಿದರೂ ಏನೂ ತಿಳಿಯಲಿಲ್ಲವಂತೆ. ಮದುವೆಯೂ ಕೂಡಿಬರಲಿಲ್ಲ. "ಹೆಣ್ಣು ನೋಡೋಕೆ ಹೋದ್ರೆ, ನಿಮ್ಮ ಪಕ್ಕ ಕೂತಿದಾರಲ್ಲ, ಅವರ್ಯಾರು ಅಂತ ಕೇಳ್ತಾರೆ" ಎಂದರು.

ಯೋಮ್ ಬೀಗರೇ, ಮದುವೆಯ ಉಡುಗೊರೆಯೆಂದು ಹತ್ತಿ ಹಾಸಿಗೆ ಹೊತ್ತುಕೊಂಡು ಅಳಿಯನನ್ನು ನೋಡಲು ಬಂದಿದ್ದೀರಿ. ದಯವಿಟ್ಟು ಕುಳಿತುಕೊಳ್ಳಿ. ನಿಮ್ಮ ಮಗಳ ವಿಷಯ ಆಮೇಲೆ ಕೂತು ಮಾತಾಡೋಣ. ಅವಳಂತೂ ಗಂಡನ ಹೆಸರು ಹೊತ್ತ ಇವರ ಪಕ್ಕ ಬಿಟ್ಟು ಎದ್ದಿಲ್ಲ.

ಆಗ ಅಮ್ಮ ಚಮಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು. "ಹಂಗಾದ್ರೆ ಮಾಲ್ಸುನ್, ನನ್ನ ಕೂಸು ಏನು ತಿಂತು?"

ಸಭಿಕರೇ, ನಿಮ್ಮಲ್ಲಿ ಯಾರ ಹತ್ತಿರವಾದರೂ ಉತ್ತರವಿದೆಯೇ? ಹೆಸರು ಹಿಡಿದು ಕರೆದ ಎಡೆ, ಹೆಸರು ಹೊತ್ತವರಿಗೆ ಹೋಯಿತು. ಹಿತ್ತಲಲ್ಲಿ ಪಾತ್ರೆ ಕೆರೆಯುತ್ತಿದ್ದದ್ದು ತೃಪ್ತಿಯಿಂದಲ್ಲ, ಹಸಿವಿನಿಂದ. ಮೂವತ್ತು ವರ್ಷ ನನ್ನ ತಮ್ಮ ಅಮ್ಮನ ಹೊಸ್ತಿಲಾಚೆ ನಿಂತು, ಪರರ ಹೆಸರಿನಂತೆ ತನ್ನ ಹೆಸರನ್ನು ಕೇಳಿಸಿಕೊಂಡ. ಅಪ್ಪನ ಮೇಲೆ ನನಗೆ ಇಂದಿಗೂ ಉರಿಯುತ್ತದೆ. ಇವರ ಮೇಲೂ ಸಿಟ್ಟು ಮಾಡಲು ನೋಡಿದೆ, ಬರಲಿಲ್ಲ. ಅಷ್ಟು ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

"ಹೆಸರು ವಾಪಸ್ ಕೊಟ್ಬಿಡ್ತೀನಿ ಅಮ್ಮಾ" ಎಂದರು. ಅಮ್ಮ ಗದರಿದಳು. "ಹೋಗೋ! ಐವತ್ತು ದಾಟಿದ ಮೇಲೆ ಹೊಸ ಹೆಸ್ರು ಕೂಗಿದ್ರೆ ನೀನು ತಿರುಗಿ ನೋಡ್ತೀಯಾ? ಇಟ್ಕೋ. ನನ್ನ ಕೂಸಿಗೆ ಬೇರೆ ಹೆಸ್ರು ಇಡ್ತೀನಿ. ಮಕ್ಳು ಬೇಗ ಕಲೀತವೆ."

ಆದ್ದರಿಂದ ಟೀವಿಯವರು ನಿಶ್ಚಿಂತೆಯಿಂದಿರಿ. ಅಮ್ಮ ಇವರಿಗೆ ಹೂ ಕೊಡುತ್ತಾಳೆ, ಮನಸಾರೆ ಮಗನೇ ಎನ್ನುತ್ತಾಳೆ. ಆದರೆ ಅದಕ್ಕೆ ಮೊದಲು ನಿಮ್ಮದೊಂದು ಉಪಕಾರ ಆಗಬೇಕು. ಸತ್ತವರ ಹೆಸರನ್ನು ಮನೆಯ ಮಾಡಿನ ಮೇಲೆ ನಿಂತು ಮೂರು ಬಾರಿ ಕೂಗುವುದು ನಮ್ಮ ಪದ್ಧತಿ. ಆ ಹುಡುಗನಿಗೆ ಅಂದು ಯಾರೂ ಕೂಗಲಿಲ್ಲ. ಕಂಡೇ ಇರದ ಗಿಲ್‌ಸುವನ್ನು ಇಷ್ಟು ಚೆನ್ನಾಗಿ ನೆನಪು ಮಾಡಿಕೊಂಡ ಊರು ನಮ್ಮದು. ಇದ್ದ ಮಗುವನ್ನು ಒಮ್ಮೆ ಬಾಯ್ತುಂಬ ಕರೆಯಲಾರೆವೇ?

ಅವನಿಗೆ ಇಟ್ಟ ಹೊಸ ಹೆಸರು ಸುನ್‌ದೋಲ್. ದೋಲ್ ಎಂದರೆ ಕಲ್ಲು. "ಕಲ್ಲು ಇರ್ಲಿ, ಈ ಸಲ ನೀರು ಎಳೀಬಾರ್ದು" ಎಂದು ಅಮ್ಮನೇ ಆರಿಸಿದ್ದು. ಎಲ್ಲರೂ ಏಳಿ. ಕ್ವಾಕ್ ಅವರೇ, ನೀವೂ.

ಸುನ್‌ದೋಲ್!

ಇನ್ನೂ ಜೋರಾಗಿ. ಅವನಿಗೆ ಹೊಸದು, ತನ್ನದೆಂದು ತಿಳಿಯಬೇಕು. ಸುನ್‌ದೋಲ್!

ಕೊನೆಯದು. ಸುನ್‌ದೋಲ್!

ಯಾರದು ಓಗೊಟ್ಟದ್ದು? ಹಿಂದಿನ ಸಾಲಿನವರು ಇಂಥ ಹೊತ್ತಿನಲ್ಲಿ ಚೇಷ್ಟೆ ಮಾಡಬಾರದು.

ಹಿಂದಿನ ಸಾಲಿನಲ್ಲಿ ಯಾರೂ ಇಲ್ಲ.

ಅಮ್ಮ ಎದ್ದಳು. ಅವಳನ್ನು ಹಿಡಿಯಬೇಡಿ, ಹೋಗಲಿ. ನಡುವೆ ನಿಂತವರು ದಯವಿಟ್ಟು ದಾರಿ ಬಿಡಿ; ನೆಲ ಒದ್ದೆಯಾಗಿದೆ, ಜಾರೀತು. ಪಕ್ಕದ ಕೋಣೆಯಲ್ಲಿ ಊಟ ಸಿದ್ಧವಿದೆ. ಹಸಿದವನು ಮೊದಲು ಉಣ್ಣಲಿ, ನಾವು ಸ್ವಲ್ಪ ಕಾಯೋಣ. ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ, ನನ್ನ ಜೊತೆ ದನಿಗೂಡಿಸಿದ ನಿಮಗೆಲ್ಲ ಧನ್ಯವಾದ.

ನಮಸ್ಕಾರ. ಬಾ ಮಗು, ಒಳಗೆ ಬಾ.