ಹಳೇ ಮನೆಯ ಹಿಂದಿನ ಗುಡ್ಡ

ನವಿ ಮುಂಬಯಿಯ ವಾಶಿ ಸ್ಟೇಷನ್ನಿನಲ್ಲಿ ಲೋಕಲ್ ರೈಲಿಗೆ ಕಾಯುತ್ತಿದ್ದ ಅಪರ್ಣಾಳಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿ ಕಿವಿ ನೆಟ್ಟಗಾಯಿತು. ಚಿತ್ರಕಾರ ಮನೀಶ ಹೊಸ ಕ್ಯಾನ್ವಾಸನ್ನು ತನ್ನ ಚಿಕ್ಕಮ್ಮ ವೇದಾವತಿಗೆ ತೋರಿಸುತ್ತಿದ್ದ. ಅಪರ್ಣಾಳೂ ಇಣುಕಿದಳು. ಬರೀ ಬೂದು ಬಣ್ಣ.

"ಇದು ಎಂತ ಮಾರಾಯಾ?" ವೇದಾವತಿ ಕೇಳಿದರು.

"ತುರ್ಭೆಯ ನಮ್ಮ ಹಳೇ ಮನೆಯ ಹಿಂದಿನ ಗುಡ್ಡ, ಚಿಕ್ಕಮ್ಮ. ಅಬ್‌ಸ್ಟ್ರಾಕ್ಟ್, ಅಂದ್ರೆ ಅಮೂರ್ತ ಚಿತ್ರ."

"ಮೊದಲು ಗುಡ್ಡ, ಮರ, ದನ ಎಲ್ಲ ಚಂದ ಬಿಡಿಸ್ತಿದ್ದಿ. ಒಂದು ಎಕ್ಸಿಬಿಷನ್ನಿಗೆ ದನ ಹೋಯ್ತು, ಇನ್ನೊಂದಕ್ಕೆ ಮರ ಹೋಯ್ತು. ಈಗ ಗುಡ್ಡವೂ ಇಲ್ಲ! ನಾಳೆ ಎಕ್ಸಿಬಿಷನ್ ನೋಡ್ಲಿಕ್ಕೆ ಬರುವ ನೆಂಟರಿಗೆ ನಾನು ಎಂತ ಹೇಳ್ಲಿ?"

"ಅಲ್ಲಿ ಗುಡ್ಡ ಎಲ್ಲುಂಟು? ಕಲ್ಲಿಗೆ ಅಂತ ಒಡೆದೊಡೆದು ಮುಗಿಸಿದ್ದಾರೆ. ಈಗ ಧೂಳು ಮಾತ್ರ."

ವೇದಾವತಿ ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು.

"ಹಾಗಾದ್ರೆ ಇದು ಅಬ್‌ಸ್ಟ್ರಾಕ್ಟ್ ಅಲ್ಲವೇ ಅಲ್ಲ. ಇದ್ದದ್ದನ್ನು ಇದ್ದ ಹಾಗೇ ಬಿಡಿಸಿದ್ದಿಯಲ್ಲ!"

ಮನೀಶನ ಮುಖ ಹುಳ್ಳಗಾಯಿತು. ಅಷ್ಟರಲ್ಲಿ ಲೋಕಲ್ ಬಂತು. ಚಿಕ್ಕಮ್ಮ ಹೆಮ್ಮೆಯಿಂದ ಕ್ಯಾನ್ವಾಸನ್ನು ತಾವೇ ಎತ್ತಿಕೊಂಡು ಲೇಡೀಸ್ ಡಬ್ಬಿ ಹತ್ತಿದರು.