ಸೆರಗಿನ ಹೋಳಿಗೆ

ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ಇಬ್ಬರು ಹೆಂಗಸರು ಕೂತಿದ್ದರು: ರಾಜೂರಿನ ದೊಡ್ಡ ಹೊಲದ ಮನೆಯ ಅನ್ನಪೂರ್ಣೇಶ್ವರಿ, ಆ ಹೊಲಕ್ಕೆ ಕೂಲಿಗೆ ಹೋಗುವ ಸುಶೀಲವ್ವ.

"ಅಕ್ಕಾರ, ನಮ್ಮ ಮಗಳು ನೇತ್ರಾ ಸಾಲ್ಯಾಗ ನೀವು ಬರದ ಕವಿತಾ ಓದಿದ್ಲರಿ."

"ಹೌದಾ? ಯಾವ್ದು?"

"ಎಳ್ಳ ಅಮಾಸಿ ದಿನ ಹೊಲದಾಗ ಉಣ್ಣಾಕ ಕುಂತ ಕೂಲಿಯಾಕಿ, ಮಗಳಿಗಂತ ಸೆರಗಿನ್ಯಾಗ ಹೋಳಿಗಿ ಕಟಗೊಳ್ಳೂದು."

"ಅದಕ್ಕ ಬಹುಮಾನ ಬಂದೈತಿ."

"ಸಾಲ್ಯಾಗೂ ಎಲ್ಲಾರು ಚಪ್ಪಾಳಿ ಹೊಡದ್ರಂತ್ರಿ. ಮನಿಗೆ ಬಂದು, ಆಕಿ ಯಾರವ್ವಾ ಅಂತ ಕೇಳಿದ್ಲು."

"ನೀ ಏನಂದಿ?"

"ಸವಡಿ ಊರ ಕಡೆಯಾಕಿ ಯಾರರ ಇರಬೇಕು ಅಂದ್ನಿರಿ. ಆದ್ರ ಈ ಅಮಾಸಿಗೆ ನಾ ತಂದ ಹೋಳಿಗಿ ಆಕಿ ಮುಟ್ಟಲಿಲ್ಲ."

ಅನ್ನಪೂರ್ಣೇಶ್ವರಿ ತೊಡೆಯ ಮೇಲಿನ ಚೀಲವನ್ನು ಸರಿಮಾಡಿಕೊಂಡರು.

"ನಿನ್ನ ಹೆಸರ ಹಾಕಿಲ್ಲ, ಸುಶೀಲವ್ವ."

"ಹೌದ್ರಿ. ನೀವು ನೋಡೀರಿ ಅಂತ ನನಗ ಗೊತ್ತಿರಲಿಲ್ಲ. ನೋಡಿದಾಗನ ಕರದು ಎರಡು ಹೋಳಿಗಿ ಕೈಯಾಗ ಕೊಟ್ಟಿದ್ರ, ಕದ್ದು ಕಟಗೊಳ್ಳೂದು ತಪ್ಪತಿತ್ತರಿ."

ರಾಜೂರಿನ ಬಸ್ಸು ಬಂತು. ಸುಶೀಲವ್ವ ಎದ್ದು ಹತ್ತಿಕೊಂಡರು. ಅದೇ ಬಸ್ಸಿಗಾಗಿ ಅರ್ಧ ತಾಸಿನಿಂದ ಕಾಯುತ್ತಿದ್ದ ಅನ್ನಪೂರ್ಣೇಶ್ವರಿ ಏಳಲಿಲ್ಲ.