ಕ್ಷಮೆ ಕೇಳುವ ಪಾಠಕ್ಕೊಬ್ಬ ರೋಗಿ

"ಹಲೋ... ಯಾರು ಮಾತಾಡ್ತಿರೋದು? ಟೈಲರಮ್ಮನವರೇನಾ? ... ಹಾಂ, ನಾನಮ್ಮ, ಹಲ್ಲಿನ ಕಾಲೇಜಿನ ಮೇಷ್ಟ್ರು. ನೀತಿಪಾಠ ಮಾಡ್ತೀನಲ್ಲ, ಅದೇ ನಾನು."

ಮೇಷ್ಟ್ರು ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡರು. ಯಾರಿಂದಲಾದರೂ ಕೆಲಸ ಆಗಬೇಕಿದ್ದರೆ ಅವರ ದನಿ ಬೆಣ್ಣೆಯಂತಾಗುತ್ತಿತ್ತು.

"... ಇಲ್ಲ ಇಲ್ಲ, ನಿಮ್ಮ ದೂರಿನ ವಿಷಯ ಅಲ್ಲ. ಅದು ಮೇಲಿನವರ ಹತ್ರ ಇದೆ. ... ಇದೆಯಮ್ಮ, ಎಲ್ಲೂ ಓಡಿಹೋಗಿಲ್ಲ. ನಾಳೆ ಬೆಳಗ್ಗೆ ಸ್ವಲ್ಪ ಬಿಡುವು ಮಾಡ್ಕೋತೀರಾ ಅಂತ ಕೇಳೋಣ ಅಂತ ಮಾಡಿದೆ."

"... ಏನೂ ಕಷ್ಟ ಇಲ್ಲ. ಕುರ್ಚಿ ಮೇಲೆ ಕೂತ್ಕೊಳ್ಳೋದು, ಅಷ್ಟೆ. ... ಅಯ್ಯೋ, ಆ ಕುರ್ಚಿ ಅಲ್ಲಮ್ಮ, ಸಾದಾ ಕುರ್ಚಿ. ಬಾಯಿನೂ ತೆಗೀಬೇಕಾಗಿಲ್ಲ. ಹುಡುಗ್ರು ಒಬ್ಬೊಬ್ಬರೇ ಬಂದು ನಿಮ್ಮನ್ನ ಕ್ಷಮೆ ಕೇಳ್ತಾರೆ."

ಆ ಕಡೆ ಅಷ್ಟು ಹೊತ್ತೂ ಓಡುತ್ತಿದ್ದ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"... ಹಲೋ? ಇದ್ದೀರಾ? ... ಅಳಬೇಡಿ, ಪೂರ್ತಿ ಕೇಳಿ ಮೊದಲು. ನಿಮ್ಮ ಹಲ್ಲಿಗಲ್ಲ ಅದು. ... ಹಾಂ, ಅಲ್ಲಾಡ್ತಿದ್ದದ್ದನ್ನ ಬಿಟ್ಟು ಪಕ್ಕದ ಗಟ್ಟಿ ಹಲ್ಲು ಕಿತ್ರು, ಇಲ್ಲೇ ಕಿತ್ರು, ಇಲ್ಲ ಅಂದ್ನಾ ನಾನು? ಆದ್ರೆ ನಾಳೆಯದು ಅಭ್ಯಾಸ. ಕೈತಪ್ಪು ಆದಾಗ ರೋಗಿ ಹತ್ರ ಹೇಗೆ ಒಪ್ಕೋಬೇಕು ಅನ್ನೋ ಪಾಠ. ನೀವು ರೋಗಿ ಥರ ಕೂತಿದ್ರೆ ಸಾಕು."

"... ನಿಮ್ಮನ್ನೇ ಯಾಕೆ ಅಂದ್ರೆ, ನೀವು ಚೆನ್ನಾಗಿ ಅಳ್ತೀರಮ್ಮ. ಅವತ್ತು ಆಫೀಸಲ್ಲಿ ಅತ್ತಿರಲ್ಲ, ಪ್ರಿನ್ಸಿಪಾಲರು ಎದ್ದು ಬಾಗಿಲು ಹಾಕ್ಕೊಂಡ್ರು. ಹೋದ ಸಲ ನಾಟಕದವರನ್ನ ಕರೆಸಿದ್ವಿ. ಹುಡುಗ್ರು ನಕ್ಕುಬಿಟ್ರು."

"... ಆ ಗುಂಗುರು ಕೂದಲಿನವನಾ, ನಿಮ್ಮ ಹಲ್ಲು ಕಿತ್ತೋನು? ಇರ್ತಾನೆ, ಇರ್ತಾನೆ. ... ಅವನು ಕ್ಷಮೆ ಕೇಳೋದಿಲ್ಲಮ್ಮ. ಅವನ ಓದು ಮುಗೀತು, ಈಗ ಇಲ್ಲೇ ಮೇಷ್ಟ್ರು. ಯಾರು ಎಷ್ಟು ಚೆನ್ನಾಗಿ ಕ್ಷಮೆ ಕೇಳಿದ್ರು ಅಂತ ಮಾರ್ಕ್ಸ್ ಹಾಕೋನೇ ಅವನು."

ಇದನ್ನು ಹೇಳುವಾಗ ಮೇಷ್ಟ್ರಿಗೆ ಮುಜುಗರವೇನೂ ಆಗಲಿಲ್ಲ. ಹುಡುಗ ಚುರುಕು, ಹೇಳಿದ ಕೆಲಸ ಮಾಡುತ್ತಿದ್ದ.

"... ಅವನೊಬ್ಬ ಕೇಳಿದ್ರೆ ಬರ್ತೀರಾ? ಅದೊಂದು ಬಿಟ್ಟು ಬೇರೆ ಏನಾದ್ರೂ ಹೇಳಿ. ... ಬಾಯಿಮಾತಿಗೇನು ಕಷ್ಟ ಅಂತೀರಿ. ಕೇಳಿದ್ರೆ ತಪ್ಪು ಒಪ್ಕೊಂಡ ಹಾಗೆ ಅಂದಿದ್ದಾರೆ ನಮ್ಮ ವಕೀಲರು. ಈ ಹುಡುಗ್ರು ಎಷ್ಟು ಬೇಕಾದ್ರೂ ಕೇಳಬಹುದು, ಅವರೇನೂ ಮಾಡಿಲ್ಲವಲ್ಲ."

"... ನಾನು ಕೇಳಬೇಕಾ ಕ್ಷಮೆ? ಈಗ, ಫೋನಲ್ಲಾ? ... ಅಮ್ಮ, ನಾನು ನೀತಿ ಹೇಳಿಕೊಡೋನು, ನಿಮ್ಮ ಹಲ್ಲು ಕಿತ್ತೋನಲ್ಲ. ... ದಾರ ಕಚ್ಚೋಕೆ ಆಗಲ್ವಾ? ಕತ್ತರಿ ಇಟ್ಕೊಳ್ಳಿ, ಅದಕ್ಕೇನಂತೆ. ... ಬರಲ್ವಾ? ಬಿಡಿ. ದೂರು ಕೊಟ್ಟೋರು ನೀವೊಬ್ರೇ ಅಲ್ಲ, ಕರೆದ್ರೆ ಯಾರಾದ್ರೂ ಬರ್ತಾರೆ."

ಆಮೇಲೆ ತುಂಬ ಹೊತ್ತು ಆಕೆಯೇ ಮಾತಾಡಿದಳು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗೆ ಕೂತರು, ಅವರ ಮುಖ ಅರಳಿತು.

"... ಹಾಂ... ಹಾಂ... ಇದೇ ಅಮ್ಮ, ಇದೇ ಬೇಕಾಗಿದ್ದು ನಮಗೆ. ಈ ಮಾತನ್ನ, ಹೀಗೇ ನಡುಗ್ತಾ, ನಾಳೆ ಹುಡುಗ್ರ ಮುಂದೆ ಒಂದು ಸಲ ಹೇಳಿಬಿಟ್ರೆ... ಹಲೋ? ... ಟೈಲರಮ್ಮ? ... ಹಲೋ..."